ಕಂಪೌಂಡರ್ ಕಾಕಾರ ಲಿಂಬೆಗಿಡದ ಗೋಸುಂಬೆ

ಕಾಕಾರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ದನದ ದವಾಖಾನೆಯಲ್ಲಿದ್ದಾಗ, ಸೂಜಿ ಚುಚ್ಚಿಸಿಕೊಳ್ಳಲು ಮನಸ್ಸಿಲ್ಲದ ಎಮ್ಮೆಯೊಂದು ಅವರ ಕೈಯನ್ನು ಕಲ್ಲಿನ ಗೋಡೆಗೆ ಒತ್ತಿಬಿಟ್ಟಿತ್ತಂತೆ. ಉಗುರು ಹೋದ ಜಾಗ ಹುಣಸೆಬೀಜದಂತೆ ನುಣ್ಣಗೆ ಹೊಳೆಯುತ್ತಿತ್ತು. ಮುಂಗೈ ತುಂಬ ಕೊಂಬು, ಗೊರಸು, ಹಲ್ಲುಗಳ ಹಳೆಯ ಗುರುತು. ಆದರೆ ಆಗೆಲ್ಲ ಆ ಕೈ ನಡುಗಿದ್ದನ್ನು ನಾನು ಕಂಡಿರಲಿಲ್ಲ. ಮೊದಲು ನನಗೆ ಅನುಮಾನ ಬಂದದ್ದೇ ಅದರಿಂದ. ಅರವತ್ತು ದಾಟಿದ ಮನುಷ್ಯನ ಕೈ ಅರ್ಧ ಗಂಟೆ ಅಲ್ಲಾಡದೆ ನಿಲ್ಲುತ್ತದೆ ಎಂದರೆ ಈತ ಏನೋ ಮಂತ್ರಸಾಧನೆ ಮಾಡಿರಬೇಕು ಎಂದುಕೊಂಡೆ.

ಅನುಮಾನ ನನ್ನ ಹುಟ್ಟುಗುಣ. ಹಾಲನ್ನು ಮೂಸಿ ನೋಡದೆ ಕಾಸಿದವಳಲ್ಲ, ಬೀಗ ಹಾಕಿ ಮೂರು ಸಲ ಜಗ್ಗದೆ ಹೊರಟವಳಲ್ಲ. ರಾವೂರಿನ ಶಾಲೆಗೆ ವಿಜ್ಞಾನ ಕಲಿಸಲು ಬಂದು ಬಾಡಿಗೆ ಮನೆ ಹಿಡಿದಾಗ ಪಕ್ಕದ ಮನೆಯಲ್ಲಿ ಅವರಿದ್ದರು. ಚಿತ್ತಾಪುರದ ಕಡೆ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಓಣಿಯವರೆಲ್ಲ ಕಂಪೌಂಡರ್ ಕಾಕಾ ಎನ್ನುತ್ತಿದ್ದರು. ಎರಡು ಮನೆಗಳ ನಡುವೆ ಗೋಡೆ ಎಂದರೆ ನೆಲಕ್ಕೆ ಹೂಳಿ ನಿಲ್ಲಿಸಿದ ಫರಸಿ ಕಲ್ಲಿನ ಚಪ್ಪಡಿಗಳ ಸಾಲು. ಎರಡು ಕಲ್ಲುಗಳ ನಡುವೆ ಒಂದು ಕಣ್ಣು ಹಿಡಿಸುವಷ್ಟು ಸಂದಿಯಿತ್ತು. ಅಂಥ ಸಂದಿ ಸಿಕ್ಕರೆ ನನ್ನಂಥವಳು ಸುಮ್ಮನಿರುತ್ತಾಳೆಯೇ?

ದಿನಾ ಬೆಳಿಗ್ಗೆ ಅವರು ತೊಗರಿ ಹೊಲದ ಕಡೆ ಹೋಗಿ ಮುಚ್ಚಳ ಹಾಕಿದ ಒಂದು ಡಬ್ಬಿ ಹಿಡಿದು ಬರುತ್ತಿದ್ದರು. ಅಂಗಳದಲ್ಲಿ ದೊಡ್ಡ ಕುಂಡದಲ್ಲಿ ಒಂದು ಲಿಂಬೆಗಿಡ. ಅದರ ಮುಂದೆ ಮಣೆ ಹಾಕಿ ಕೂತು, ಎಲೆಗಳ ಮೇಲೆ ನೀರು ಚಿಮುಕಿಸಿ, ಬಲಗೈಯನ್ನು ಕೊಂಬೆಗೆ ತಾಗಿಸಿ ಅಂಗೈ ಮೇಲು ಮಾಡಿ ಇಡುತ್ತಿದ್ದರು. ಆಮೇಲೆ ಅಲ್ಲಾಡುತ್ತಿರಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಒಂದು ದಿನ ಎಲೆಗಳ ನಡುವೆ ಏನೋ ಕದಲಿತು. ನೋಡಿದರೆ ಗೋಸುಂಬೆ! ಒಂದು ಕಣ್ಣು ಅವರ ಕೈ ಮೇಲೆ, ಇನ್ನೊಂದು ತಿರುಗಿ ನೇರವಾಗಿ ನನ್ನ ಮೇಲೆ.

ಒಂಟಿ ಮನುಷ್ಯ, ಲಿಂಬೆಗಿಡ, ಗೋಸುಂಬೆ, ಪಿಸುಮಾತು. ನಮ್ಮ ಸೀಮೆಯಲ್ಲಿ ಇವಿಷ್ಟನ್ನು ಒಟ್ಟಿಗೆ ಕಂಡವರ ಬಾಯಿಗೆ ಬರುವ ಹೆಸರು ಒಂದೇ, ಭಾನಾಮತಿ. ಮನೆಯಲ್ಲಿ ಬಟ್ಟೆ ತಾನಾಗಿ ಉರಿದರೂ ಸೊಸೆ ಊಟ ಬಿಟ್ಟರೂ ಯಾರೋ ಮಾಟ ಮಾಡಿಸಿದ್ದಾರೆ ಎನ್ನುವ ಊರುಗಳು ಇವು. ಭಾನಾಮತಿ ಸುಳ್ಳು ಎಂದು ಅದೇ ವಾರ ನಾನು ಏಳನೆಯ ತರಗತಿಗೆ ಪಾಠ ಮಾಡಿದ್ದೆ. ಮನೆಗೆ ಬಂದು ಸಂದಿಗೆ ಕಣ್ಣಿಟ್ಟಾಗ ಆ ಪಾಠ ನೆನಪಾಗಲಿಲ್ಲ.

ಮರುದಿನ ಕಲ್ಲಿನ ಮೇಲಿಂದ ಇಣುಕಿ ನೇರವಾಗಿಯೇ ಕೇಳಿದೆ.

"ಕಾಕಾ, ಅದನ್ಯಾಕ ಸಾಕ್ಲಿಕತ್ತೀರಿ?"

"ಸಾಕ್ಲಿಕತ್ತಿಲ್ರಿ ಅಕ್ಕೋರ, ರಿಪೇರಿ ಮಾಡ್ಲಿಕತ್ತೀನಿ" ಎಂದು ನಕ್ಕರು. ಯಾರೋ ಅದರ ಹಿಂಗಾಲಿಗೆ ದಾರ ಕಟ್ಟಿ ಎಳೆದಾಡಿದ್ದರಂತೆ. ದಾರ ಚರ್ಮದೊಳಗೆ ಹೂತು ಕೀವಾಗಿತ್ತಂತೆ. ಚಿಂಚೋಳಿ ಕಡೆಯ ಕಾಡಿನ ಗಾರ್ಡ್ ಒಬ್ಬರು, ಹಳೆಯ ಪರಿಚಯ, ಕಾಲು ವಾಸಿಯಾಗುವತನಕ ನೋಡಿಕೊಳ್ಳಿ ಎಂದು ಬಿಟ್ಟುಹೋಗಿದ್ದರಂತೆ. ದಿನಾ ಮುಲಾಮು ಹಚ್ಚಬೇಕು.

"ಹಿಡದು ಹಚ್ಚಿಬಿಡ್ರಿ ಮತ್ತ."

"ಹಿಡದ್ರ ಕರ್ರಗ ಆಗ್ತದ್ರಿ. ಉಬ್ಬತದ, ಬುಸ್ ಅಂತದ, ಊಟ ಬಿಡ್ತದ. ಮ್ಯಾಲಿಂದ ಕೈ ಬಂತಂದ್ರ ಹದ್ದು ಬಂತು ಅಂತದ. ಅದಕ್ಕ ಕೆಳಗ ಕೈ ಇಟ್ಟು ಕುಂದ್ರಬೇಕು. ತಾನಾಗೇ ಬರಬೇಕು. ಅವಸರ ಇಲ್ಲ."

ಹೌದೌದು ಎಂದು ತಲೆಯಾಡಿಸಿದೆ. ಒಂದು ಮಾತನ್ನೂ ನಂಬಲಿಲ್ಲ. ಗಾರ್ಡ್ ಎಂಬ ಮನುಷ್ಯನೇ ಇಲ್ಲ ಎಂದು ಅಂದೇ ತೀರ್ಮಾನಿಸಿದೆ.

ಅದೇ ಹೊತ್ತಿಗೆ ನನ್ನ ಜೊತೆಗಿದ್ದ ಅತ್ತೆಯವರ ಕಿವಿಯ ಹಿಂದೆ, ಕತ್ತಿನ ಮೇಲೆ ಗುಳ್ಳೆಗಳೆದ್ದವು. ತುರಿಕೆಗೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ. ವಾಡಿಯ ದವಾಖಾನೆಗೆ ಕರೆದೊಯ್ದು ಗುಳಿಗೆ ಕೊಡಿಸಿದರೂ ಇಳಿಯಲಿಲ್ಲ. ನನ್ನ ಕಣ್ಣು ಸಂದಿಯ ಕಡೆಗೆ ಹೋಯಿತು. ಇದು ಕಾಕಾರದೇ ಕೆಲಸ ಎಂದು ನಳದ ಹತ್ತಿರ ಸಿಕ್ಕ ಒಬ್ಬಳ ಕಿವಿಯಲ್ಲಿ ಹೇಳಿದೆ. ಒಬ್ಬಳಿಗೇ ಹೇಳಿದ್ದು ಎಂದು ಎಷ್ಟೋ ದಿನ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ಒಬ್ಬಳು ಸಾಕಾಗಿದ್ದಳು.

ಭಾನುವಾರ ಬೆಳಿಗ್ಗೆ ನಾನು ಸಂದಿಯಲ್ಲೇ ಇದ್ದೆ. ಕಾಕಾರ ಅಂಗೈಯಲ್ಲಿ ಒಂದು ಮಿಡತೆ. ಗೋಸುಂಬೆ ಒಂದು ಹೆಜ್ಜೆ ಮುಂದಿಟ್ಟು, ಹಿಂದೆ ತೂಗಿ, ಮತ್ತೆ ಮುಂದೆ ತೂಗಿ, ಕೊನೆಗೆ ಇಕ್ಕಳದಂಥ ಮುಂಗಾಲನ್ನು ಆ ಉಗುರಿಲ್ಲದ ಹೆಬ್ಬೆರಳಿನ ಮೇಲೆ ಊರಿತು. ಮತ್ತೊಂದು ಕಾಲು. ಮೈ ಪೂರ್ತಿ ಕೈಗೆ ಬಂತು. ಕಾಕಾರ ಮುಖದಲ್ಲಿ ಮೂಡಿದ ಸಂತೋಷ ನೋಡಿ, ಇಷ್ಟು ಅನುಮಾನದ ನಡುವೆಯೂ, ನಾನು ಸಂದಿಗೆ ಇನ್ನಷ್ಟು ಒತ್ತಿಕೊಂಡೆ. ಅಷ್ಟರಲ್ಲಿ ಅವರ ಬಾಗಿಲು ದಡದಡ ಬಡಿದ ಸದ್ದಾಯಿತು.

ಹತ್ತು ಹನ್ನೆರಡು ಜನ ನುಗ್ಗಿದರು. "ಏನ್ ಮಾಡ್ಲಿಕತ್ತೀರಿ ಇದು? ಓಣಿ ಬಿಟ್ಟು ಹೋಗ್ರಿ" ಎಂದು ಒಬ್ಬ ಕೂಗಿದ. ಇನ್ನೊಬ್ಬ ಕೈಯಲ್ಲಿ ಕಲ್ಲು ಹಿಡಿದಿದ್ದ. ಗೋಸುಂಬೆ ಕ್ಷಣದಲ್ಲಿ ಇದ್ದಿಲಿನಂತಾಗಿ, ಉಬ್ಬಿ, ಬಾಯಿ ತೆರೆದು, ಅಂಗೈಯಿಂದ ನೆಲಕ್ಕೆ ಬಿತ್ತು. ಕಾಕಾ ಕೂಗಲಿಲ್ಲ. ಹೆಗಲ ಟವೆಲ್ಲನ್ನು ಅದರ ಮೇಲೆ ಗೂಡಿನಂತೆ ಎತ್ತಿ ಹಿಡಿದು, "ಬರ್ರಿ, ಕುಂದ್ರಿ. ಸಪ್ಪಳ ಮಾಡಬ್ಯಾಡ್ರಿ, ಅಂಜತದ" ಎಂದರು. ಮುಲಾಮಿನ ಟ್ಯೂಬು ತೋರಿಸಿದರು. ಆಮೇಲೆ ಕೇಳಿದರು, "ಜಡ್ಡು ಯಾರಿಗಾಗ್ಯಾದ?"

ಎಲ್ಲರೂ ನಮ್ಮ ಮನೆಯ ಕಡೆ ಕೈ ತೋರಿಸಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಕಾಕಾ ಜನರನ್ನೆಲ್ಲ ಹಿಂದಿಟ್ಟುಕೊಂಡು ನಮ್ಮ ಅಂಗಳಕ್ಕೇ ಬಂದರು. ಅತ್ತೆಯವರನ್ನು ಬೆಳಕಿಗೆ ಕೂರಿಸಿ, ಮುಟ್ಟದೆ, ಸುತ್ತ ನಡೆದು ಕಿವಿ, ಕತ್ತು, ಹಣೆಯಂಚು ನೋಡಿದರು. "ಯಕ್ಕಾ, ಖರೇ ಹೇಳ್ರಿ. ತಲಿಗಿ ಏನರ ಹಚ್ಚೀರೇನು?" ಅತ್ತೆ ನನ್ನ ಮುಖ ನೋಡಿದರು, ನೆಲ ನೋಡಿದರು. ಅಣ್ಣನ ಮಗನ ಮದುವೆಗೆಂದು, ನನ್ನ ಕಣ್ಣು ತಪ್ಪಿಸಿ, ಪೇಟೆಯಿಂದ ಕಪ್ಪು ಬಣ್ಣ ತರಿಸಿ ಹಚ್ಚಿಕೊಂಡಿದ್ದರು. ಸದಾ ತಲೆ ತುಂಬ ಸೆರಗು ಹೊದೆಯುವವರು, ಮೂಸಿ ನೋಡುವ ನನ್ನ ಮೂಗಿಗೂ ಅದು ಗೊತ್ತಾಗಿರಲಿಲ್ಲ.

"ಬಣ್ಣ ಬದಲ್ ಮಾಡಿದ್ದು ನನ್ನ ಗೋಸುಂಬಿ ಅಲ್ರಪ್ಪಾ" ಎಂದರು ಕಾಕಾ. ಕಲ್ಲು ಹಿಡಿದವನೇ ಮೊದಲು ನಕ್ಕ. ಜನ ಚದುರಿದರು. ಕಲಬುರಗಿಯ ಚರ್ಮದ ಡಾಕ್ಟರರನ್ನು ಕಾಣಿ ಎಂದರು ಕಾಕಾ. ಕಂಡೆವು, ಹತ್ತು ದಿನದಲ್ಲಿ ಗುಳ್ಳೆ ಇಳಿದವು.

ಗೋಸುಂಬೆ ಮಾತ್ರ ಸುಧಾರಿಸಲಿಲ್ಲ. ಕಾಕಾ ಕೈ ಇಟ್ಟರೆ ಕೊಂಬೆಯ ಆಚೆ ಬದಿಗೆ ಸರಿದು ಕಪ್ಪಾಗುತ್ತಿತ್ತು. ಮಿಡತೆ ಮುಟ್ಟುತ್ತಿರಲಿಲ್ಲ. ಗಾಯ ಮತ್ತೆ ಹಸಿಯಾಯಿತು. ನಾಲ್ಕನೆಯ ದಿನ ಕಲ್ಲಿನ ಮೇಲಿಂದ ಕಾಕಾರ ದನಿ ಬಂತು.

"ಅಕ್ಕೋರ, ಜರಾ ಬರ್ರಿ. ನಿಮ್ಮ ಕೈ ಬೇಕಾಗ್ಯಾದ."

"ನನ್ನ ಕೈ ಯಾಕ್ರಿ?"

"ನನ್ನ ಕೈ ಮ್ಯಾಲಿದ್ದಾಗ ಅಂಜೇದ. ಇನ್ನ ಈ ಕೈ ಅದಕ ಬ್ಯಾಡ. ಹೊಸಾ ಕೈ ಬೇಕು."

ಇವರಿಗೆ ಎಲ್ಲ ಗೊತ್ತಾಗಿದೆ, ಇದು ನನಗೆ ಕೊಡುತ್ತಿರುವ ಶಿಕ್ಷೆ ಎಂದೇ ಅನುಮಾನಿಸಿದೆ. ಅವರ ಮುಖದಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ಹೋಗಿ ಕೂತೆ. ಶಾಲೆಗೆ ಹೊರಡುವ ಮೊದಲು ದಿನಾ ಅರ್ಧ ಗಂಟೆ. ಮೊದಲ ದಿನ ಬರೀ ಕೂರುವುದು. ಎರಡನೆಯ ದಿನ ಕೈ ದೂರದಲ್ಲಿ. ಆಮೇಲೆ ದಿನಕ್ಕೆರಡು ಬೆರಳು ಹತ್ತಿರ. ಕೈ ಮರಗಟ್ಟಿ ಅಲ್ಲಾಡಿಸಿದರೆ ಮತ್ತೆ ಮೊದಲಿಂದ. "ಅದು ನಿಮ್ಮ ಮ್ಯಾಲ ಸಂಶೆ ಮಾಡ್ತದ, ಮಾಡಗೊಡ್ರಿ" ಎನ್ನುತ್ತಿದ್ದರು. "ಸಂಶೆ ಮಾಡಾದು ಅದರ ಹಕ್ಕದ. ಹಿಡೀಬ್ಯಾಡ್ರಿ ಅಷ್ಟೇ." ಆ ತಿರುಗುವ ಕಣ್ಣು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆಯುವಾಗ, ಅನುಮಾನಕ್ಕೆ ಗುರಿಯಾಗುವುದು ಎಂದರೇನು ಎಂದು ನಾನು ಮೊದಲ ಸಲ ತಿಳಿದೆ.

ಹದಿನಾಲ್ಕನೆಯ ದಿನ ಅದು ಬಂತು. ತಣ್ಣಗಿನ, ಒರಟಾದ, ಆದರೆ ಹಿಡಿತ ಗಟ್ಟಿಯಿದ್ದ ಪುಟ್ಟ ಕಾಲುಗಳು. ಮೈಬಣ್ಣ ಎಳೆಯ ತೊಗರಿಕಾಯಿಯ ಹಸಿರು. ಕಾಕಾ ಹಿಂದಿನಿಂದ ಬಂದು, ಒಂದು ಕಡ್ಡಿಯ ತುದಿಯ ಹತ್ತಿಯಿಂದ ಮುಲಾಮು ಹಚ್ಚಿದರು. ನಾನು ಅಳುತ್ತಿದ್ದೆ. ಅವರು ನೋಡದವರಂತೆ ಮುಚ್ಚಳ ತಿರುಗಿಸುತ್ತ ನಿಂತರು.

ತಿಂಗಳ ಮೇಲೆ ಬೈಕಿನಲ್ಲಿ ಖಾಕಿ ತೊಟ್ಟ ಗಾರ್ಡ್ ನಿಜವಾಗಿಯೂ ಬಂದರು. ಆಗಲೂ ನಾನು ಅವರ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಎರಡು ಸಲ ಓದಿದೆ. ರಂಧ್ರ ಕೊರೆದ ರಟ್ಟಿನ ಡಬ್ಬಿಯಲ್ಲಿ ಗೋಸುಂಬೆ ಕುಂಚಾವರಂ ಕಾಡಿಗೆ ಹೊರಟಿತು. ನನ್ನ ಕೈಯಿಂದಲೇ ಡಬ್ಬಿಗೆ ಇಳಿದದ್ದು.

ಹೋದ ಚಳಿಗಾಲದಲ್ಲಿ ಕಾಕಾ ಮಲಗಿದರು. ಕಲಬುರಗಿಯ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದು ತೀರಿಕೊಂಡರು. ಅದಕ್ಕೆ ಎರಡು ದಿನ ಮೊದಲು ನಾನು ಹೋಗಿದ್ದೆ. ನಾಲ್ಕು ವರ್ಷ ಗಂಟಲಲ್ಲೇ ಉಳಿದದ್ದನ್ನು ಹೇಳಿಬಿಡಬೇಕೆಂದು ಹೊರಟಿದ್ದೆ.

"ಕಾಕಾ, ಅವತ್ತ ಮಂದಿ ಬಂದಿದ್ರಲಾ... ನಳದ ಹಂತೇಲಿ ಮೊದಲ ಹೇಳಿದಾಕಿ..."

"ಗೊತ್ತದ್ರಿ" ಎಂದರು, ಕಣ್ಣು ಮುಚ್ಚಿಕೊಂಡೇ. "ಕಲ್ಲಿನ ಸಂದಿ ನನ್ನ ಕಡೀಲಿಂದನೂ ಸಂದೀನೇ ಅಲ್ಲೇನ್ರಿ ಅಕ್ಕೋರ? ನಿಮ್ಮ ಕಣ್ಣು ದಿನಾ ಕಾಣ್ತಿತ್ತು."

"ಮತ್ತ ಯಾಕ ಕರದ್ರಿ ನನಗ?"

ಅವರು ಅಷ್ಟು ಮಾತಿಗೇ ದಣಿದಿದ್ದರು. ಅವರ ಕೈ ಹಾಸಿಗೆಯ ಮೇಲಿತ್ತು, ಮೊದಲ ಸಲ ಸಣ್ಣಗೆ ನಡುಗುತ್ತಿತ್ತು. ಹಿಡಿಯಬೇಕೆಂದು ನನ್ನ ಕೈ ಮುಂದಾಯಿತು. ಹಿಡಿಯಲಿಲ್ಲ. ಅಂಗೈ ಮೇಲು ಮಾಡಿ ಅವರ ಕೈಯ ಪಕ್ಕ ಇಟ್ಟು ಕೂತೆ. ಎಷ್ಟು ಹೊತ್ತೋ. ನರ್ಸ್ ಬಂದು ಹೋದಳು, ಸಲಾಯಿನ್ ಬಾಟ್ಲಿ ಬದಲಾಯಿತು. ಆಮೇಲೆ ಉಗುರಿಲ್ಲದ ಆ ಹೆಬ್ಬೆರಳು ಮೆಲ್ಲಗೆ ಸರಿದು ನನ್ನ ಅಂಗೈಯೊಳಗೆ ಬಂತು, ಅದರ ಹಿಂದೆ ಉಳಿದ ಬೆರಳುಗಳು ಬಂದವು. ಅವರು ತಾವಾಗಿಯೇ ತೆಗೆಯುವವರೆಗೂ ನಾನು ಕೈ ಅಲ್ಲಾಡಿಸಲಿಲ್ಲ.