ಕುರಿ ಲೆಕ್ಕದ ಅಂಕಲ್

ಅವರ ಬಲಗಿವಿ ಯಾವಾಗಲೂ ಕೆಂಪಗಿರುತ್ತಿತ್ತು. ಎಡಗಿವಿ ಚಿಕ್ಕಂದಿನಲ್ಲೇ ಕೆಟ್ಟುಹೋಗಿತ್ತು. ಹಾಗಾಗಿ ಇಡೀ ದಿನ ಫೋನನ್ನು ಬಲಗಿವಿಗೆ ಒತ್ತಿ ಹಿಡಿದೇ ಮಾತಾಡುತ್ತಿದ್ದರು. ಕಛೇರಿಯವರು ಕೊಟ್ಟ ಹೆಡ್‌ಫೋನು ಡ್ರಾಯರಿನಲ್ಲಿ ದೂಳು ತಿನ್ನುತ್ತಿತ್ತು. ಸಂಜೆಯ ಹೊತ್ತಿಗೆ ಆ ಕಿವಿ ಯಾರೋ ಹಿಂಡಿ ಬಿಟ್ಟ ಹಾಗೆ ಕಾಣುತ್ತಿತ್ತು.

ಈ ಪರದೇಶದಲ್ಲಿ ನಮ್ಮ ಕಛೇರಿ ಇದ್ದದ್ದು ಈಸ್ಟ್ ತಮಾಕಿ ಎಂಬ ಕೈಗಾರಿಕಾ ಬಡಾವಣೆಯ ಗೋದಾಮುಗಳ ನಡುವೆ. ಕಿಟಕಿಯಾಚೆ ಕಂಟೇನರ್ ಲಾರಿಗಳು. ಒಳಗೆ ಕುರಿ, ದನ, ಹುಲ್ಲುಗಾವಲು ಎಂದು ಕೇಳುತ್ತ ಕೂತ ನಾವು. ದೂರದ ಕಣಿವೆಗಳಲ್ಲಿ ಮೈಲಿಗೊಂದು ಮನೆಯಂತೆ ಇರುವ ರೈತರು ಸರ್ಕಾರಕ್ಕೆ ಕೃಷಿಯ ಅಂಕಿಅಂಶ ಕೊಡಬೇಕಾಗಿತ್ತು. ಕೊಡದೆ ಉಳಿದವರಿಗೆ ಫೋನು ಮಾಡಿ ಕೇಳುವ ಗುತ್ತಿಗೆ ನಮ್ಮ ಕಂಪನಿಯದು. ಅಂಕಲ್ ಗದಗದ ಕಡೆಯವರು, ಕೃಷಿ ಸಂಖ್ಯಾಶಾಸ್ತ್ರ ಓದಿದವರು, ನಮ್ಮ ತಂಡದ ಮುಖ್ಯಸ್ಥರು. ನಾನು ಓದು ಮುಗಿಸಿ ಕೆಲಸದ ವೀಸಾದ ಮೇಲಿದ್ದ ಮೈಸೂರಿನ ಹುಡುಗಿ.

ಸೇರಿದ ಹೊಸದರಲ್ಲಿ ಒಬ್ಬ ರೈತ ನನ್ನ ಉಚ್ಚಾರಣೆಯನ್ನು ಅಣಕಿಸಿ, ಬಾಯಿಗೆ ಬಂದಂತೆ ಬೈದು ಫೋನಿಟ್ಟ. ನನ್ನ ಕಣ್ಣು ತುಂಬಿದ್ದನ್ನು ಅಂಕಲ್ ನೋಡಿದರು. ಎದ್ದು ಹೋಗಿ ಎರಡು ಲೋಟ ಚಹಾ ತಂದರು.

“ಬೈದನಲ್ಲವ್ವಾ? ಬೈಲಿ ಬಿಡು. ಬೈಯೋ ಮನಷ್ಯಾಗ ಇನ್ನೂ ಜೀವದ ಮ್ಯಾಲೆ ಆಸೆ ಐತಿ ಅಂತ ತಿಳಕೋ. ಕೇಳಿದ್ದಕ್ಕೆಲ್ಲಾ ಮೆತ್ತಗ ಉತ್ತರಾ ಕೊಡ್ತಾರಲ್ಲ, ಅವ್ರಿಗೆ ಅಂಜಬೇಕು.”

ಆಗ ಅದು ನನಗೆ ಸಮಾಧಾನದ ಮಾತಾಗಿ ಮಾತ್ರ ಕೇಳಿಸಿತು. ಆದರೆ ಅವರು ಫೋನು ಮಾಡುತ್ತಿದ್ದ ರೀತಿ ನೋಡುತ್ತ ಹೋದಂತೆ ಅರ್ಥವಾಯಿತು. ಮೊದಲ ಐದು ನಿಮಿಷ ಅವರು ಲೆಕ್ಕವನ್ನೇ ಎತ್ತುತ್ತಿರಲಿಲ್ಲ. ಮಳೆ ಬಂತೇ, ಬೇಲಿ ರಿಪೇರಿ ಆಯಿತೇ, ಉಣ್ಣೆ ಕತ್ತರಿಸುವವರು ಸಿಕ್ಕರೇ ಎಂದು ಊರಿನವರಂತೆ ವಿಚಾರಿಸುತ್ತಿದ್ದರು. ಆಮೇಲೆ ರೈತ ಹೇಳಿದ ಪ್ರತಿ ಉತ್ತರವನ್ನೂ ಗಟ್ಟಿಯಾಗಿ ಮತ್ತೊಮ್ಮೆ ಹೇಳಿ, ಟೈಪು ಮಾಡುತ್ತಿದ್ದರು. ಮ್ಯಾನೇಜರನಿಗೆ ಇದು ಸೇರುತ್ತಿರಲಿಲ್ಲ. “ಕಾಲ್ ಉದ್ದ ಆಗ್ತಿದೆ” ಎಂದು ಬಂದು ಹೇಳಿದರೆ ಅಂಕಲ್ ಕೇಳಿಸದ ಎಡಗಿವಿಯನ್ನು ಅವನ ಕಡೆಗೆ ತಿರುಗಿಸುತ್ತಿದ್ದರು.

ಆ ವರ್ಷಗಳಲ್ಲಿ ಕಣಿವೆಗಳು ಖಾಲಿಯಾಗುತ್ತಿದ್ದವು. ಹಿಂದಿನ ಸಲ ಕುರಿ ಇದ್ದ ಗುಡ್ಡದಲ್ಲಿ ಈ ಸಲ ಪೈನ್ ಗಿಡ ನೆಟ್ಟಿರುತ್ತಿದ್ದರು. ಜಮೀನು ಮಾರಿ ಹೋದವರ ಫೋನು ಸತ್ತಿರುತ್ತಿತ್ತು. ಸುತ್ತ ಎಲ್ಲರೂ ಮಾರಿದ ಮೇಲೆ ನಡುವೆ ಒಬ್ಬರೇ ಉಳಿದುಕೊಂಡ ರೈತರಿದ್ದರು. ಅಂಥವರಲ್ಲೊಬ್ಬರು ಹೆಂಡತಿ ತೀರಿಕೊಂಡಿದ್ದ ಒಬ್ಬ ಮುದುಕ. ಅಂಕಲ್ ಪ್ರತಿ ಸಲ ತಾವೇ ಫೋನು ಮಾಡುತ್ತಿದ್ದದ್ದು ಅವರಿಗೆ. ಕುರಿಯ ಲೆಕ್ಕ ಎರಡು ಮಾತಿನಲ್ಲಿ ಮುಗಿದರೆ, ಉಳಿದ ಹೊತ್ತೆಲ್ಲ ಆತನ ನಾಯಿಗಳ ಪುರಾಣ. ಯಾವುದು ಜಾಣ, ಯಾವುದು ಕಳ್ಳ ಎಂದು ಅಂಕಲ್‌ಗೆ ಬಾಯಿಪಾಠವಾಗಿತ್ತು.

ಒಂದು ದಿನ ಮಧ್ಯಾಹ್ನ ನಾನು ಪಕ್ಕದಲ್ಲೇ ಕೂತಿದ್ದೆ. ಅಂಕಲ್ ಆ ಮುದುಕನಿಗೆ ಫೋನು ಮಾಡಿ ಎಂದಿನಂತೆ ಮಳೆ ಕೇಳಿದರು. ಆಚೆಯಿಂದ ಚುಟುಕು ಉತ್ತರ ಬಂದಿರಬೇಕು. ನೇರ ಲೆಕ್ಕಕ್ಕೆ ಬಂದರು.

“ಕುರಿ ಇಲ್ಲ,” ಎಂದು ಹೇಳಿ ಟೈಪು ಮಾಡಿದರು. “ದನ ಇಲ್ಲ.” ಆಮೇಲೆ ಬೆರಳು ನಿಂತಿತು. “ನಾಯಿಗಳೂ ಇಲ್ಲ?”

ನಾಯಿಗಳ ಲೆಕ್ಕವನ್ನು ನಾವು ಯಾರಿಗೂ ಕೇಳುತ್ತಿರಲಿಲ್ಲ. ಆತ ತಾನಾಗಿ ಹೇಳಿದ್ದರು. ಅಂಕಲ್ ಇನ್ನೇನೋ ಕೇಳುವಷ್ಟರಲ್ಲಿ “ನೀನು ಒಳ್ಳೆಯವನು, ಧನ್ಯವಾದ” ಎಂದು ಮೆತ್ತಗೆ ಹೇಳಿ ಫೋನಿಟ್ಟರಂತೆ. ಅಂಕಲ್ ಮತ್ತೆ ಮತ್ತೆ ಮಾಡಿದರು. ಎತ್ತಲಿಲ್ಲ.

ಪೊಲೀಸರಿಗೆ ತಿಳಿಸಬೇಕೆಂದು ಅವರು ಮ್ಯಾನೇಜರನ ಬಳಿ ಓಡಿದರು. ರೈತರು ಹೇಳಿದ ಒಂದಕ್ಷರವೂ ಹೊರಗೆ ಹೋಗಬಾರದು, ಮೇಲಿನವರನ್ನು ಕೇಳಿ ತಿಳಿಸುತ್ತೇನೆ, ಅಲ್ಲಿಯವರೆಗೆ ಕಾಯಬೇಕು ಎಂದನಂತೆ ಅವನು. ಅಂಕಲ್ ಬೆವರುತ್ತ ವಾಪಸು ಬಂದರು.

“ಅಂಕಲ್, ಪೊಲೀಸರಿಗೆ ನಾನು ಫೋನ್ ಮಾಡ್ತೀನಿ,” ಎಂದೆ.

“ನೀ ಇದರಾಗ ಬರಬ್ಯಾಡ. ನಿನ್ನ ವೀಸಾ ಇನ್ನೂ ಇವರ ಕೈಯಾಗ ಐತಿ. ಹೊರಗ ಹೋಗಿ ನಿಂದ್ರು. ಹೋಗಂದ್ರ ಹೋಗು!”

ಅವರು ನನ್ನ ಮೇಲೆ ದನಿಯೆತ್ತಿದ್ದು ಅದೊಂದೇ ಸಲ. ನಾನು ಪಾರ್ಕಿಂಗ್ ಜಾಗಕ್ಕೆ ಹೋಗಿ ನಿಂತೆ. ಗಾಜಿನಾಚೆ ಅವರು ಫೋನು ಹಿಡಿದು ನಿಂತದ್ದು, ಮ್ಯಾನೇಜರ್ ಬಂದು ಕೈ ಅಡ್ಡ ಮಾಡಿದ್ದು, ಇವರು ಬೆನ್ನು ತಿರುಗಿಸಿ ಮಾತು ಮುಂದುವರಿಸಿದ್ದು ಕಾಣುತ್ತಿತ್ತು.

ಹತ್ತಿರದ ಪೇಟೆಯಿಂದ ಪೊಲೀಸರು ಹೋದಾಗ ಆತ ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ಬಂದೂಕು ಪಕ್ಕದಲ್ಲಿಟ್ಟುಕೊಂಡು ಕೂತಿದ್ದರಂತೆ. ನಾಯಿಗಳನ್ನು ಬೆಳಿಗ್ಗೆಯೇ ಯಾರಿಗೋ ಕೊಟ್ಟು ಬಂದಿದ್ದರು. ಜೀವ ಉಳಿಯಿತು.

ಎರಡು ವಾರದ ನಂತರ ಆತ ಕಛೇರಿಗೇ ಫೋನು ಮಾಡಿದರು. ಅಂಕಲ್ ಫೋನು ತೆಗೆದುಕೊಂಡರು. ಆಚೆಯ ಕೂಗು ನನಗೂ ಕೇಳಿಸುತ್ತಿತ್ತು: ನಿನ್ನನ್ನು ಯಾರು ಕೇಳಿದರು, ತಂಗಿಯ ಮನೆಯಲ್ಲಿ, ಪೆಟ್ರೋಲ್ ಬಂಕಿನ ಹಿಂದೆ, ಮಗುವಿನ ಹಾಗೆ ಕಾಯುತ್ತಿದ್ದಾರೆ ನನ್ನನ್ನು, ಇದು ಒಂದು ಬದುಕೇ! ಆತ ಸುಸ್ತಾಗಿ ಫೋನಿಟ್ಟ ಮೇಲೆ ಅಂಕಲ್ ಕನ್ನಡಕ ತೆಗೆದು ಮುಖ ಒರೆಸಿಕೊಂಡರು. “ಚಲೋ ಬೈದ,” ಎಂದರು. ಅಷ್ಟು ನಿರಾಳವಾದ ಮುಖವನ್ನು ನಾನು ಆ ತಿಂಗಳೆಲ್ಲ ನೋಡಿರಲಿಲ್ಲ.

ಆ ತಿಂಗಳ ಕೊನೆಗೆ ಅವರ ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆ ವಯಸ್ಸಿನಲ್ಲಿ ಇನ್ನೊಂದು ಕೆಲಸ ಸಿಗಲಿಲ್ಲ. ಮೌಂಟ್ ಆಲ್ಬರ್ಟಿನ ಅವರ ಮನೆಗೆ ಹೋದಾಗಲೆಲ್ಲ ಟೀವಿಯ ಮುಂದೆ ಕೂತಿರುತ್ತಿದ್ದರು, ಸದ್ದು ಆರಿಸಿ. ಆ ರೈತನಿಗೆ ಒಮ್ಮೆ ಫೋನು ಮಾಡಿ ಎಂದರೆ, “ಆ ನಂಬರು ಆತ ಸರ್ಕಾರಕ್ಕ ಕೊಟ್ಟಿದ್ದು, ನನಗಲ್ಲ. ನಿಯಮಾ ಒಮ್ಮೆ ಮುರಿದೆ, ಸಾಕು,” ಎನ್ನುತ್ತಿದ್ದರು. ಮಾತಿನ ಮನುಷ್ಯ ದಿನದಿನಕ್ಕೆ ಮೌನಿಯಾದರು. ಕೇಳಿದ್ದಕ್ಕೆಲ್ಲ ಮೆತ್ತಗೆ ಉತ್ತರ ಕೊಡತೊಡಗಿದರು. ನನಗೆ ಹೆದರಿಕೆಯಾಗುತ್ತಿತ್ತು. ಕಳೆದ ಚಳಿಗಾಲದಲ್ಲಿ ಹೃದಯಾಘಾತವಾಗಿ, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು.

ಅಷ್ಟರಲ್ಲಿ ನಾನು ಈ ದೇಶದಲ್ಲಿ ನೆಲೆಸುವ ಅನುಮತಿ ಪಡೆದು, ಬೇರೆ ಕೆಲಸಕ್ಕೆ ಸೇರಿದ್ದೆ. ಆ ಮಧ್ಯಾಹ್ನ ಅವರು ನನ್ನನ್ನು ಹೊರಗಟ್ಟದಿದ್ದರೆ ಅದು ಆಗುತ್ತಿರಲಿಲ್ಲ.

ತಿಂಗಳು ಕಳೆದ ಮೇಲೆ ಅಂಕಲ್ ಅವರ ಹೆಂಡತಿ, ನಮ್ಮ ಆಂಟಿ, ಕೇಳಿದರು: “ಆ ಮುದುಕ ರೈತನ್ನ ಒಮ್ಮೆ ನೋಡಬೇಕವ್ವಾ. ಕರಕೊಂಡು ಹೋಗ್ತೀಯೇನು?”

ಇಡೀ ದಿನದ ದಾರಿ. ಪೇಟೆ ಹತ್ತಿರವಾದಂತೆ ಎರಡೂ ಬದಿಗೆ ಪೈನ್ ಗುಡ್ಡಗಳೇ. ಕಾರಿನಲ್ಲಿ ಆಂಟಿ ಒಂದೇ ಮಾತು ಹೇಳಿದರು: “ಕೆಲಸಾ ಹೋದದ್ದು ಆತಗ ಹೇಳಬ್ಯಾಡ.”

ಪೆಟ್ರೋಲ್ ಬಂಕಿನ ಹಿಂದಿನ ಮನೆಯ ಬಾಗಿಲು ತೆರೆದದ್ದು ಆತನೇ. ನಾವು ಯಾರೆಂದೂ ಅಂಕಲ್ ತೀರಿಕೊಂಡರೆಂದೂ ಹೇಳಿದೆ. ಆತ ಒಳಗೆ ಕರೆದು, ತಾವೇ ಚಹಾ ಮಾಡಿದರು. “ಮತ್ತೆ ಫೋನು ಮಾಡುತ್ತಾನೆ, ಆಗ ಸರಿಯಾಗಿ ಮಾತಾಡೋಣ ಅಂದುಕೊಂಡಿದ್ದೆ,” ಎಂದರು. “ಮಾಡಲೇ ಇಲ್ಲ. ನನ್ನ ಬೈಗುಳಕ್ಕೆ ಬೇಜಾರಾಯಿತೇನೋ. ಬೇರೆಯವರಿಗಾದರೂ ಮಾಡುತ್ತಿದ್ದನೇ? ನನ್ನಂಥವರಿಗೆ?”

ಆಂಟಿ ತಮ್ಮ ಹರಕು ಇಂಗ್ಲಿಷಿನಲ್ಲಿ, ಒಂದು ಚೂರೂ ತಡವರಿಸದೆ ಹೇಳಿದರು:

“ಮಾಡ್ತಿದ್ರು. ದಿನಾ ಮಾಡ್ತಿದ್ರು. ಕೊನೇ ದಿನದ ತನಕ.”