ಸುಟ್ಟಗಾಯದ ವಾರ್ಡಿನ ಎರಡು ಕ್ಯಾಮೆರಾ

ಸುಟ್ಟಗಾಯದ ವಾರ್ಡಿನಲ್ಲಿ ಫೋಟೋ ಅಕ್ಕ ಎಂದರೆ ಎಲ್ಲರಿಗೂ ಗೊತ್ತು. ಗಾಯಗಳ ಫೋಟೋ ತೆಗೆಯುವುದೇ ಆಕೆಯ ಕೆಲಸ, ಹದಿನಾರು ವರ್ಷದಿಂದ. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಆದರೆ ಎಷ್ಟೇ ಸಿಟ್ಟು ಬಂದರೂ ‘ಮೈ ಉರಿಯಿತು’ ಎನ್ನುವ ಮಾತನ್ನು ಮಾತ್ರ ಆ ವಾರ್ಡಿನೊಳಗೆ ಆಡುವುದಿಲ್ಲ. ಬಾಯಿತಪ್ಪಿ ಆಡಿದ ಹೊಸ ನರ್ಸೊಬ್ಬಳನ್ನು ಔಷಧಿ ಕೋಣೆಗೆ ಎಳೆದೊಯ್ದು ಬೆವರಿಳಿಸಿದ್ದೂ ಉಂಟು.

ಆ ಮಂಗಳವಾರದ ಸಿಟ್ಟಿಗೆ ಕಾರಣ ಒಂದು ಕ್ಯಾಮೆರಾ. ವಿಭಾಗದ ದೊಡ್ಡ ಡಾಕ್ಟರು ಹೊಸ ಎಸ್‌ಎಲ್‌ಆರ್ ತರಿಸಿ ಆಕೆಯ ಮೇಜಿನ ಮೇಲೆ ಇಟ್ಟಿದ್ದರು. ಕಪ್ಪಗೆ, ದಪ್ಪಗೆ, ಗೇಣುದ್ದದ ಲೆನ್ಸು, ಅದರ ಮೂತಿಗೊಂದು ಉಂಗುರದ ಫ್ಲ್ಯಾಶು.

“ನಾಳೆಯಿಂದ ಇದರಲ್ಲೇ ತೆಗೀರಿ. ಆ ಆಟದ ಸಾಮಾನು ಒಳಗಿಡಿ,” ಎಂದರು.

ಆಟದ ಸಾಮಾನಂತೆ! ಆಕೆಯ ಚಿಕ್ಕ ಕ್ಯಾಮೆರಾ ಅಂಗೈಯಲ್ಲಿ ಕೂರುತ್ತದೆ ನಿಜ, ಆದರೆ ಬೆಳಕು, ವೇಗ ಎಲ್ಲವನ್ನೂ ಕೈಯಲ್ಲೇ ಹೊಂದಿಸಬಹುದಾದ ಒಳ್ಳೆಯ ಕ್ಯಾಮೆರಾ ಅದು. ಎಂಟು ವರ್ಷದ ಹಿಂದೆ ಆಕೆ ಜಗಳವಾಡಿ ತರಿಸಿಕೊಂಡದ್ದು. ಅದಕ್ಕೂ ಮುಂಚೆ ಇಂಥದೇ ದೊಡ್ಡದೊಂದು ಇತ್ತು. ಅದನ್ನು ಮುಖದ ಹತ್ತಿರ ತಂದಾಗ ಆರಡಿ ಎತ್ತರದ ಲಾರಿ ಡ್ರೈವರೊಬ್ಬ ಗೋಡೆಗೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತಿದ್ದ. ಚಿಕ್ಕದಕ್ಕೆ ಸದ್ದಿಲ್ಲ. ಎದೆಯ ಮಟ್ಟದಲ್ಲಿ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಊಟ ಆಯ್ತಾ ಎಂದು ಕೇಳುತ್ತಲೇ ತೆಗೆದುಬಿಡಬಹುದು.

“ಸರ್, ನಿಮ್ಗೆ ಬರೀ ಗಾಯ ಕಾಣುತ್ತೆ. ಅದರ ಹಿಂದೆ ಒಬ್ಬ ಮನುಷ್ಯ ಇರ್ತಾನೆ.”

“ಇರ್ಲಮ್ಮ. ನಿಮ್ಮ ಚಿಕ್ಕದ್ರಲ್ಲಿ ಚರ್ಮಕ್ಕೆ ಮೇಣ ಸವರಿದ ಹಾಗೆ ಬರುತ್ತೆ. ಗಂಟು ಎಷ್ಟು ದಪ್ಪ ಇದೆ ಅಂತ ನಾನು ಎಲ್ಲಿ ನೋಡ್ಲಿ?”

ಪಿತ್ತ ನೆತ್ತಿಗೇರಿತು. ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಏರುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಫೋಟೋ ಹಿಗ್ಗಿಸಿದಾಗಲೆಲ್ಲ ಆ ಮೇಣ ಆಕೆಯ ಕಣ್ಣಿಗೂ ಬಿದ್ದಿತ್ತು. ಬಾಯಿ ಬಿಟ್ಟಿರಲಿಲ್ಲ, ಅಷ್ಟೆ. ಅವರು ಹೋದ ತಕ್ಷಣ ದೊಡ್ಡ ಕ್ಯಾಮೆರಾವನ್ನು ಕಪಾಟಿಗೆ ತಳ್ಳಿ ಬೀಗ ಜಡಿದಳು.

ಬುಧವಾರ ಬೆಳಿಗ್ಗೆ ಬಣ್ಣದ ಫ್ಯಾಕ್ಟರಿಯ ಹುಡುಗಿ ಬಂದಳು. ಇಪ್ಪತ್ತೆರಡು ವಯಸ್ಸು. ಹಬೆಯ ಪೈಪು ಒಡೆದು ಎಡಗೆನ್ನೆಯಿಂದ ಕುತ್ತಿಗೆಯವರೆಗೆ ಬೆಂದಿತ್ತು. ಇನ್ನೂ ಮೂರು ಆಪರೇಷನ್ ಆಗಬೇಕು. ಅವನ್ನು ಫ್ಯಾಕ್ಟರಿಯೇ ಮಾಡಿಸಿಕೊಡಬೇಕೋ ಬೇಡವೋ ಎಂಬುದು ಶುಕ್ರವಾರದ ವಿಚಾರಣೆಯಲ್ಲಿ ತೀರ್ಮಾನವಾಗುವುದಿತ್ತು. ಆಸ್ಪತ್ರೆಯ ಫೋಟೋಗಳೇ ಅದಕ್ಕೆ ಆಧಾರ.

ಹುಡುಗಿ ಕುರ್ಚಿಯಲ್ಲಿ ಕೂತು ದುಪಟ್ಟಾ ಬಿಚ್ಚಿದಳು. ಅಕ್ಕ ಚಿಕ್ಕದನ್ನು ಕೈಗೆತ್ತಿಕೊಂಡಳು.

“ದೊಡ್ಡ ಕ್ಯಾಮೆರಾ ಬಂದಿದ್ಯಂತಲ್ಲ ಅಕ್ಕ?”

“ಬಂದಿದೆ. ನಾನಿರೋವರೆಗೂ ಅದನ್ನ ನಿನ್ನ ಮುಂದೆ ತರಲ್ಲ. ನೀನು ಹೆದರ್ಬೇಡ.”

“ತನ್ನಿ. ಅದ್ರಲ್ಲೇ ತೆಗೀರಿ.”

“ಯಾಕೆ?”

“ಹೋದ್ಸಲದ ವಿಚಾರಣೇಲಿ ಫ್ಯಾಕ್ಟರಿ ವಕೀಲ್ರು ನೀವು ತೆಗ್ದಿದ್ದ ಫೋಟೋನೇ ಎತ್ತಿ ಹಿಡಿದ್ರು. ನೋಡಿ, ಎಷ್ಟು ನುಣ್ಣಗಾಗಿದೆ, ಇನ್ಯಾಕೆ ಆಪರೇಷನ್ನು ಅಂದ್ರು. ಎಲ್ರೂ ತಲೆ ಆಡಿಸಿದ್ರು. ನಾನು ಅಲ್ಲೇ ಇದೀನಿ, ಇದೇ ಮುಖ ಇಟ್ಕೊಂಡು! ನನ್ನ ಕಡೆ ಯಾರೂ ನೋಡ್ಲಿಲ್ಲ. ಫೋಟೋ ನೋಡಿದ್ರು.”

“ನನ್ಗ್ಯಾಕೆ ಹೇಳ್ಲಿಲ್ಲ?”

“ಅಷ್ಟು ಪ್ರೀತಿಯಿಂದ ತೆಗೀತಿದ್ರಿ. ಹೇಗೆ ಹೇಳ್ಲಿ?”

ಆ ವಕೀಲನ ನಾಲಿಗೆ ಸೀಳಿಹಾಕುವಷ್ಟು ಕೋಪ ಬಂತು. ತಲೆ ಆಡಿಸಿದವರ ಮೇಲೆ ಬಂತು. ಆಮೇಲೆ ತಿರುಗಿ ತನ್ನ ಮೇಲೇ ಬಂದು, ಅಲ್ಲೇ ನಿಂತಿತು. ರೋಗಿಗಳಿಗಾಗಿ ಎಂದು ಎಂಟು ವರ್ಷ ಹೇಳಿಕೊಂಡು ತಿರುಗಿದ್ದಳಲ್ಲ. ತನ್ನೆದುರು ಯಾರೂ ಅಳಬಾರದು, ಎಲ್ಲರೂ ತನ್ನನ್ನು ಒಳ್ಳೆಯ ಅಕ್ಕ ಅನ್ನಬೇಕು ಎಂಬ ಆಸೆಯೂ ಅದರಲ್ಲಿ ಸಾಕಷ್ಟಿತ್ತು.

ಕಪಾಟಿನ ಬೀಗ ತೆಗೆದಳು. ಕುರ್ಚಿಯ ಮುಂದೆ ನಿಂತು ಲೆನ್ಸು ಹೊಂದಿಸಿ ಗುಂಡಿ ಒತ್ತಿದಳು. ಟಪ್ ಎಂದಿತು. ಹುಡುಗಿ ಬೆಚ್ಚಿ ಕುರ್ಚಿಯ ಕೈ ಹಿಡಿದುಕೊಂಡಳು.

“ಪೈಪ್ ಒಡ್ಯೋಕೆ ಮುಂಚೆ ಹೀಗೇ ಸದ್ದು ಬಂದಿತ್ತು.”

ಅಕ್ಕ ಕ್ಯಾಮೆರಾ ಇಳಿಸಿದಳು.

“ಇಳಿಸ್ಬೇಡಿ! ಅದ್ರಲ್ಲೇ ತೆಗೀರಿ ಅಂದ್ನಲ್ಲ!” ಹುಡುಗಿಯ ದನಿ ಏರಿತು. “ನಾನು ಬೆಚ್ಚಿದ್ರೆ ಬೆಚ್ತೀನಿ. ನಿಮ್ಗೇನು? ಹತ್ತಿರ ಬನ್ನಿ.”

ಹತ್ತಿರ ಹೋದಳು. ಎದುರಿನಿಂದ, ಪಕ್ಕದಿಂದ, ಗದ್ದ ಎತ್ತಿಸಿ, ಕಿವಿಯ ಹಿಂದೆ. ಪ್ರತಿ ಸದ್ದಿಗೂ ಹುಡುಗಿ ಬೆಚ್ಚುತ್ತಿದ್ದಳು, ಮತ್ತೆ ಕಣ್ಣು ಅಗಲಿಸಿ ಕೂರುತ್ತಿದ್ದಳು. ಅಕ್ಕನ ಬಾಯಿಂದ ಊಟದ ಮಾತು ಹೊರಡಲಿಲ್ಲ. ಮೂವತ್ತು ಫೋಟೋ ಆದ ಮೇಲೆ ಹಿಂದಿನ ಪರದೆಯಲ್ಲಿ ತೋರಿಸಿದಳು. ಹಗ್ಗದಂತೆ ಉಬ್ಬಿದ ಗಂಟುಗಳು, ಕತ್ತನ್ನು ಒಂದೇ ಕಡೆಗೆ ಎಳೆದುಕೊಂಡಿದ್ದ ಚರ್ಮ, ಒಂದೂ ಬಿಡದೆ ಬಂದಿದ್ದವು.

ಹುಡುಗಿ ತುಂಬ ಹೊತ್ತು ನೋಡಿದಳು.

“ಶುಕ್ರವಾರ ಹಳೇದು, ಹೊಸ್ದು ಎರಡನ್ನೂ ಪಕ್ಕಪಕ್ಕ ಇಡ್ತಾರೆ. ಯಾವ್ದು ಸುಳ್ಳು ಅಂತ ಕೇಳ್ತಾರೆ.”

ಹಳೆಯದು ಸುಳ್ಳಾದರೆ ಎಂಟು ವರ್ಷದ ಫೋಟೋಗಳೆಲ್ಲ ಸುಳ್ಳು. ನೂರಾರು ಜನರ ಕಡತಗಳು ಮತ್ತೆ ಬಿಚ್ಚಿಕೊಳ್ಳುತ್ತವೆ. ದೊಡ್ಡ ಡಾಕ್ಟರಂತೂ ಬಿಡುವವರಲ್ಲ. ಕೆಲಸ ಉಳಿಯುವುದೂ ಅನುಮಾನ.

“ನಾನೇ ಬಂದು ಹೇಳ್ತೀನಿ,” ಎಂದಳು ಅಕ್ಕ. “ಹಳೇದೇ ಸುಳ್ಳು ಅಂತ.”

“ನಿಮ್ಗೆ ಮೊದಲೇ ಗೊತ್ತಿತ್ತಾ ಅಂತ ಕೇಳಿದ್ರೆ?”

ಹುಡುಗಿ ವಕೀಲರ ಪರವಾಗಿ ಕೇಳುತ್ತಿರಲಿಲ್ಲ, ತನಗಾಗಿಯೇ ಕೇಳುತ್ತಿದ್ದಳು. ಅದು ಅಕ್ಕನಿಗೆ ಅರ್ಥವಾಯಿತು.

“ಗೊತ್ತಿತ್ತು.”

ಹುಡುಗಿ ದುಪಟ್ಟಾವನ್ನು ಗಲ್ಲದ ಸುತ್ತ ಬಿಗಿದು ಕಟ್ಟಿಕೊಂಡು ಎದ್ದಳು. ಪರವಾಗಿಲ್ಲ ಅಕ್ಕ ಎನ್ನುತ್ತಾಳೇನೋ ಎಂದು ಕಾದರೆ, ಅನ್ನಲಿಲ್ಲ.

“ಹತ್ತು ಗಂಟೆಗೆ ಶುರು. ತಡ ಮಾಡ್ಬೇಡಿ.”