ಹದಿನೆಂಟೇ ಇಂಚು

ನಮ್ಮ ಬೀದಿಯ ಟೈಲರ್ ಮಾಸ್ಟರು ಎದುರು ಫುಟ್‌ಪಾತಿನಲ್ಲಿ ಹೋಗುವವರ ಎದೆ ಸುತ್ತಳತೆಯನ್ನು ಕಣ್ಣಲ್ಲೇ ಹೇಳಿಬಿಡುವ ಆಸಾಮಿ. ಮಕ್ಕಳ ಅಂಗಿಯಲ್ಲಿ ಎರಡು ಇಂಚು ಒಳಗೆ ಮಡಚಿಟ್ಟು, "ಬೆಳೆಯೋ ಮಕ್ಕಳು ತಾಯೀ, ಮುಂದೆ ಬಿಚ್ಚಿಸಿಕೊಳ್ಳಿ" ಎಂದು ಉಪದೇಶ ಬೇರೆ ಮಾಡುತ್ತಾರೆ. ಇಷ್ಟೆಲ್ಲ ಮುಂದಾಲೋಚನೆಯ ಮನುಷ್ಯ, ಬೆರಳುದ್ದದ ಮೀನಿನ ಮರಿಯೊಂದನ್ನು ತಂದು, ಇಸ್ತ್ರಿ ಮೇಜಿನ ಪಕ್ಕದ ಹದಿನೆಂಟು ಇಂಚಿನ ಗಾಜಿನ ತೊಟ್ಟಿಗೆ ಬಿಟ್ಟರು. ಮೂರು ಹೊತ್ತೂ ತಾವೇ ಕಾಳು ಹಾಕಿ ಸಾಕಿದರು. ಅದು ಮೊಳ ಮೀರಿ ಬೆಳೆದು, ತಿರುಗಲು ಜಾಗವಿಲ್ಲದೆ ಬಿಲ್ಲಿನಂತೆ ಬಾಗಿ ನಿಂತಿದೆ. "ದೊಡ್ಡ ತೊಟ್ಟಿ ತನ್ನಿ ಮಾಸ್ಟ್ರೇ" ಎಂದು ಯಾರಾದರೂ ಅಂದರೆ ಸಾಕು, ಕೊರಳಿನ ಟೇಪು ತೆಗೆದು, ಗಾಜಿನ ಹೊರಗಿನಿಂದಲೇ ಮೂತಿಯಿಂದ ಬಾಲಕ್ಕೆ ನೇರವಾಗಿ ಹಿಡಿಯುತ್ತಾರೆ. "ನೋಡಿ ಸ್ವಾಮಿ, ವರ್ಷದಿಂದ ಹದಿನೆಂಟೇ ಇಂಚು. ಬೆಳವಣಿಗೆ ಯಾವತ್ತೋ ನಿಂತಿದೆ!" ತೊಟ್ಟಿಯೇ ಹದಿನೆಂಟು ಇಂಚು ಎಂದು ನೆನಪಿಸಿದವರ ಬಟ್ಟೆ ಎರಡು ವಾರ ತಡವಾಗುತ್ತದೆ. ಅಂಗಡಿಯ ಮೂಲೆಯಲ್ಲಿ ಅವರ ಮಗಳಿದ್ದಾಳೆ. ಹತ್ತರ ವಯಸ್ಸಿನಲ್ಲಿ ಹಾಕಿಕೊಟ್ಟ ಮೋಟು ಸ್ಟೂಲಿನ ಮೇಲೆ, ಮೂವತ್ತರಲ್ಲೂ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಗುಂಡಿ ಹೊಲಿಯುತ್ತಾಳೆ. ಕತ್ತರಿ ಮುಟ್ಟಲು ಇನ್ನೂ ಅಪ್ಪಣೆಯಾಗಿಲ್ಲ. ಮೊನ್ನೆ ಆಕೆ ಎದ್ದು ಬಂದು, ನೀರಿಗೆ ಕೈಯಿಳಿಸಿ, ಟೇಪನ್ನು ಮೀನಿನ ಬೆನ್ನಿನ ಬಾಗಿನುದ್ದಕ್ಕೂ ಹಿಡಿದು, "ಇಪ್ಪತ್ನಾಲ್ಕು ಅಪ್ಪಾ" ಎಂದಳು. ಮಾಸ್ಟರು ಮೀನನ್ನು ನೋಡಲಿಲ್ಲ. ಮಗಳನ್ನೇ ಅಡಿಯಿಂದ ಮುಡಿಯವರೆಗೆ, ಕಣ್ಣಲ್ಲೇ ಅಳೆಯುವಂತೆ ಎಷ್ಟೋ ಹೊತ್ತು ನೋಡಿದರು. ಆಮೇಲೆ ಟೇಪು ಕಿತ್ತುಕೊಂಡು, "ಅಳತೆಗೆ ನಿನ್ನ ಕೈ ಇನ್ನೂ ಪಳಗಿಲ್ಲ. ಹೋಗು, ಗುಂಡಿ ಹಾಕು" ಎಂದರು.